ಮುಕ್ತ ತಂತ್ರಾಂಶದ ಕಾರ್ಯಾಚರಣ ವ್ಯವಸ್ಥೆಗಳು: ಭದ್ರತೆ ಮತ್ತು ಸ್ಥಿರತೆ

ಗಣಕದ ಯಂತ್ರಭಾಗಗಳಿಗೂ ಅದರ ಮೇಲೆ ನಡೆಯುವ ನಾನಾ ಕ್ರಮವಿಧಿಗಳಿಗೂ ನಡುವೆ ನಿಂತು, ಯಾವ ಕ್ರಮವಿಧಿಗೆ ಎಷ್ಟು ಮೆಮೊರಿ ಸಲ್ಲಬೇಕು, ಯಾವುದರ ಸರದಿ ಯಾವಾಗ ಬರಬೇಕು, ಯಾವ ಕಡತವನ್ನು ಯಾರು ತೆರೆಯಬಹುದು ಎಂಬುದನ್ನು ಕ್ಷಣಕ್ಷಣಕ್ಕೂ ನಿರ್ಣಯಿಸುತ್ತಿರುವ ಮೂಲ ತಂತ್ರಾಂಶಕ್ಕೆ ಕಾರ್ಯಾಚರಣ ವ್ಯವಸ್ಥೆಯೆಂದು ಹೆಸರು. ಅದರ ಮೂಲ ಸಂಕೇತವನ್ನು ಯಾರು ಬೇಕಾದರೂ ಓದುವುದಕ್ಕೂ ತಿದ್ದುವುದಕ್ಕೂ ತಿದ್ದಿದ್ದನ್ನು ಮರಳಿ ಹಂಚುವುದಕ್ಕೂ ಪರವಾನಗಿಯೇ ಅನುಮತಿ ನೀಡಿದ್ದರೆ ಅದು ಮುಕ್ತ ತಂತ್ರಾಂಶದ ವರ್ಗಕ್ಕೆ ಸೇರುತ್ತದೆ. ಲಿನಕ್ಸ್ ಎಂಬ ಕರ್ನೆಲನ್ನು, ಅಂದರೆ ವ್ಯವಸ್ಥೆಯ ತಿರುಳನ್ನು, ಆಧರಿಸಿದ ಡೆಬಿಯನ್, ಉಬುಂಟು, ರೆಡ್ ಹ್ಯಾಟ್ ಮೊದಲಾದ ವಿತರಣೆಗಳೂ, ಬರ್ಕ್‌ಲಿ ವಿಶ್ವವಿದ್ಯಾಲಯದ ಯುನಿಕ್ಸ್ ಪರಂಪರೆಯಿಂದ ಬಂದ ಫ್ರೀಬಿಎಸ್‌ಡಿ, ಓಪನ್‌ಬಿಎಸ್‌ಡಿ ಮೊದಲಾದವೂ ಈ ವರ್ಗದಲ್ಲಿ ಪ್ರಸಿದ್ಧವಾಗಿವೆ. ಜಗತ್ತಿನ ಅತಿವೇಗದ 500 ಗಣಕಗಳ ಪಟ್ಟಿಯಲ್ಲಿ 2017ರ ನವೆಂಬರಿನಿಂದೀಚೆಗೆ ಲಿನಕ್ಸಲ್ಲದ ಯಂತ್ರ ಒಂದೂ ಕಾಣಿಸಿಕೊಂಡಿಲ್ಲ. ಆದರೆ ಇದನ್ನು ಮಹಾಯಂತ್ರಗಳಿಗೆ ಮಾತ್ರ ಸಂಬಂಧಪಟ್ಟ ವಿಷಯವೆಂದು ಎಣಿಸುವುದು ಸರಿಯಾಗದು. ಅಂಬಾಜಿದುರ್ಗದ ಬೆಟ್ಟಸಾಲಿನ ಸುತ್ತ ಹಬ್ಬಿರುವ ಚಿಂತಾಮಣಿ, ಶಿಡ್ಲಘಟ್ಟ, ಚಿಕ್ಕಬಳ್ಳಾಪುರ, ಗೌರಿಬಿದನೂರು ಸೀಮೆಯನ್ನೇ ತೆಗೆದುಕೊಂಡರೂ, ತಾಲ್ಲೂಕಿನ ನ್ಯಾಯಾಲಯದಲ್ಲಿ ವ್ಯಾಜ್ಯದ ಮುಂದಿನ ದಿನಾಂಕವನ್ನು ನಮೂದಿಸುವ ಗಣಕದಲ್ಲಿ ಉಬುಂಟು, ಗೂಡಿನ ಮಾರುಕಟ್ಟೆಗೆ ಬಂದ ರೇಷ್ಮೆ ಬೆಳೆಗಾರನ ಜೇಬಿನಲ್ಲಿ ಆಂಡ್ರಾಯ್ಡ್. ಎರಡರ ತಿರುಳೂ ಲಿನಕ್ಸೇ.

ಭದ್ರತೆ, ಸ್ಥಿರತೆ ಎಂಬ ಎರಡು ಗುಣಗಳನ್ನು ಜೋಡಿಯಾಗಿ ಹೇಳುವುದು ವಾಡಿಕೆಯಾದರೂ ಅವು ಒಂದೇ ದಿಕ್ಕಿಗೆ ಎಳೆಯುವಂಥವಲ್ಲ. ಅನಧಿಕಾರಿಯ ಕೈಗೆ ಮಾಹಿತಿಯೂ ಅಧಿಕಾರವೂ ಸಿಕ್ಕದಂತೆ ಕಾಯುವುದು ಭದ್ರತೆ. ನಿನ್ನೆ ನಡೆದ ಕೆಲಸ ಇಂದೂ ನಾಳೆಯೂ ಅದೇ ರೀತಿಯಲ್ಲಿ ನಡೆಯುವುದು ಸ್ಥಿರತೆ. ಹೊಸ ದೋಷ ಬೆಳಕಿಗೆ ಬಂದ ದಿನವೇ ತಿದ್ದುಪಡಿಯನ್ನು ಅಳವಡಿಸೆಂದು ಮೊದಲನೆಯದು ಒತ್ತಾಯಿಸುತ್ತದೆ. ನಡೆಯುತ್ತಿರುವ ಯಂತ್ರವನ್ನು ಮುಟ್ಟಬೇಡವೆಂದು ಎರಡನೆಯದು ತಡೆಯುತ್ತದೆ. ಮುಕ್ತ ವ್ಯವಸ್ಥೆಗಳ ಇತಿಹಾಸವೆಲ್ಲ ಬಹುಮಟ್ಟಿಗೆ ಈ ಎರಡು ಒತ್ತಾಯಗಳ ನಡುವೆ ಸಂಧಾನ ನಡೆಸಿದ ಇತಿಹಾಸ. ಸಂಕೇತವು ತೆರೆದಿದೆಯೆಂಬ ಒಂದೇ ಕಾರಣದಿಂದ ಈ ಸಂಧಾನ ತಾನಾಗಿ ಕೈಗೂಡಿದ್ದು ಎಲ್ಲಿಯೂ ಕಂಡುಬರುವುದಿಲ್ಲ. ತೆರೆದ ಸಂಕೇತವನ್ನು ಓದುವವರೂ, ಓದಿ ತಿದ್ದುವವರೂ, ತಿದ್ದಿದ್ದನ್ನು ಕಟ್ಟಕಡೆಯ ಯಂತ್ರಕ್ಕೆ ಮುಟ್ಟಿಸುವವರೂ ಇದ್ದೆಡೆಯಲ್ಲಿ ಮಾತ್ರ ಅದು ಕೈಗೂಡಿದೆ.

1969ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಕೆನ್ ಥಾಮ್ಸನ್, ಡೆನಿಸ್ ರಿಚಿ ಮೊದಲಾದವರು ಆರಂಭಿಸಿದ ಯುನಿಕ್ಸ್ ಈ ಎಲ್ಲ ವ್ಯವಸ್ಥೆಗಳ ಮೂಲಪುರುಷ. ಒಂದೇ ದುಬಾರಿ ಯಂತ್ರವನ್ನು ಹಲವರು ಹಂಚಿಕೊಂಡು ಬಳಸುತ್ತಿದ್ದ ಕಾಲದಲ್ಲಿ ಒಬ್ಬನ ಕಡತ ಇನ್ನೊಬ್ಬನ ಕಣ್ಣಿಗೆ ಬೀಳದಿರಲೆಂದು ಏರ್ಪಟ್ಟ ನಿಯಮವೇ ಇಂದಿನ ಭದ್ರತೆಯ ತಳಹದಿಯಾಗಿದೆ. ಪ್ರತಿಯೊಂದು ಕಡತಕ್ಕೂ ಒಡೆಯ, ಗುಂಪು, ಇತರರು ಎಂಬ ಮೂರು ವರ್ಗದವರಿಗೆ ಓದುವ, ಬರೆಯುವ, ನಡೆಸುವ ಮೂರು ಹಕ್ಕುಗಳು. ಒಟ್ಟು ಒಂಬತ್ತು ಗುರುತುಗಳು. ಇವೆಲ್ಲವನ್ನೂ ಮೀರಬಲ್ಲವನು ರೂಟ್ ಎಂಬ ಸರ್ವಾಧಿಕಾರಿ ಒಬ್ಬನೇ. ವ್ಯವಸ್ಥೆಯ ಸರಳತೆಯೂ ದೌರ್ಬಲ್ಯವೂ ಇದರಲ್ಲಿಯೇ ಅಡಗಿದ್ದವು, ಏಕೆಂದರೆ ರೂಟಿನ ಹೆಸರಿನಲ್ಲಿ ನಡೆಯುವ ಯಾವುದೋ ಒಂದು ಸಣ್ಣ ಕ್ರಮವಿಧಿಯಲ್ಲಿ ಬಿರುಕು ಕಂಡರೆ ಇಡೀ ಯಂತ್ರವೇ ಪರಾಧೀನವಾಗುತ್ತಿತ್ತು. ರೂಟಿಗೂ ಮಿತಿ ಹಾಕಬಲ್ಲ ಸೆಲಿನಕ್ಸ್ ಎಂಬ ಪದರವನ್ನು 2000ದ ಡಿಸೆಂಬರಿನಲ್ಲಿ ಬಿಡುಗಡೆ ಮಾಡಿದ್ದು ಅಮೆರಿಕದ ರಾಷ್ಟ್ರೀಯ ಭದ್ರತಾ ಸಂಸ್ಥೆ. ಪರರ ಗುಟ್ಟನ್ನು ಕದ್ದು ಕೇಳುವುದೇ ವೃತ್ತಿಯಾದ ಸಂಸ್ಥೆಯೊಂದು ನೀಡಿದ ಕಾವಲನ್ನು ಜಗತ್ತು ಒಪ್ಪಿಕೊಂಡಿತಲ್ಲ ಎಂದು ಓದುಗರಿಗೆ ಸೋಜಿಗವಾದರೆ ಅದು ಸಹಜವೇ. ಅದರ ಸಂಕೇತವನ್ನು ಅಕ್ಷರ ಅಕ್ಷರವಾಗಿ ಪರಿಶೀಲಿಸುವ ಅವಕಾಶ ಇಲ್ಲದಿದ್ದಲ್ಲಿ ಹಾಗೆ ಒಪ್ಪಿಕೊಳ್ಳುವುದು ಸಾಧ್ಯವೇ ಆಗುತ್ತಿರಲಿಲ್ಲ. ಯುನಿಕ್ಸಿನ ಹಳೆಯ ನಿಯಮಕ್ಕೆ ಆಂಡ್ರಾಯ್ಡ್ ಕೊಟ್ಟ ಹೊಸ ಬಳಕೆ ಇನ್ನೂ ಚಮತ್ಕಾರದ್ದು. ಫೋನಿಗೆ ಒಡೆಯನು ಒಬ್ಬನೇ ಆದಕಾರಣ, ಹಲವು ಬಳಕೆದಾರರನ್ನು ಬೇರ್ಪಡಿಸಲು ಹುಟ್ಟಿದ ಗೋಡೆಗಳನ್ನು ಅಲ್ಲಿ ಒಂದೊಂದು ಆ್ಯಪಿಗೂ ಒಂದೊಂದು ಬಳಕೆದಾರ ಸಂಖ್ಯೆ ಕೊಟ್ಟು ಆ್ಯಪು ಆ್ಯಪುಗಳ ನಡುವೆ ಎಬ್ಬಿಸಲಾಯಿತು. ಆಟದ ಆ್ಯಪು ಬ್ಯಾಂಕಿನ ಆ್ಯಪಿನ ಕಡತಗಳನ್ನು ಓದಲಾರದಿರುವುದು ಈ ಏರ್ಪಾಡಿನಿಂದ.

ಸ್ಥಿರತೆಯ ಕಡೆಗೆ ಬಂದರೆ, ನಮ್ಮ ಬಯಲುಸೀಮೆಯ ತಾಲ್ಲೂಕುಗಳಲ್ಲಿ ಅದರ ಮೊದಲ ಶತ್ರು ಕಳ್ಳನಲ್ಲ, ವಿದ್ಯುತ್ ಕಡಿತ. ಡಿಸ್ಕಿನ ಮೇಲೆ ಕಡತವನ್ನು ಬರೆಯುತ್ತಿರುವಾಗಲೇ ಕರೆಂಟು ಹೋದರೆ ಅರ್ಧ ಬರೆದ ದಾಖಲೆಯೂ ಅದಕ್ಕೆ ಹೊಂದದ ಸೂಚಿಯೂ ಉಳಿದು, ಹಿಂದಿನ ಲಿನಕ್ಸ್ ಯಂತ್ರಗಳು ಮರಳಿ ಹೊತ್ತಿಕೊಂಡಾಗ ಡಿಸ್ಕನ್ನೆಲ್ಲ ಮೊದಲಿನಿಂದ ಕೊನೆಯವರೆಗೆ ತಪಾಸಣೆ ಮಾಡುತ್ತ ಬಹಳ ಹೊತ್ತು ಕೂರುತ್ತಿದ್ದವು. 2001ರ ನವೆಂಬರಿನಲ್ಲಿ ಕರ್ನೆಲಿನ 2.4.15ನೆಯ ಆವೃತ್ತಿಯೊಳಗೆ ಸೇರಿದ ಇಎಕ್ಸ್‌ಟಿ3 ಎಂಬ ಕಡತ ವ್ಯವಸ್ಥೆ ಈ ಕಷ್ಟವನ್ನು ಬಹುಪಾಲು ನೀಗಿಸಿತು. ಮಂಡಿಯ ಗುಮಾಸ್ತನು ವ್ಯವಹಾರವನ್ನು ಮೊದಲು ಕಿರ್ದಿಯಲ್ಲಿ ಬರೆದು ಆಮೇಲೆ ಖಾತೆಗೆ ಏರಿಸುವಂತೆ, ಅದು ತಾನು ಮಾಡಲಿರುವ ಬದಲಾವಣೆಯನ್ನು ಮೊದಲು ಪ್ರತ್ಯೇಕ ಜಾಗದಲ್ಲಿ ಬರೆದಿಟ್ಟುಕೊಂಡು ಅನಂತರವೇ ನಿಜವಾದ ಸ್ಥಳಕ್ಕೆ ಸೇರಿಸುತ್ತದೆ; ನಡುವೆ ಕರೆಂಟು ಹೋದರೂ ಮರಳಿ ಬಂದಾಗ ಆ ಬರಹವನ್ನು ನೋಡಿ ಉಳಿದದ್ದನ್ನು ಪೂರೈಸುತ್ತದೆ, ಇಲ್ಲವೆ ಕೈಬಿಡುತ್ತದೆ. 2008ರ ಡಿಸೆಂಬರಿನಿಂದ ಇದರ ಉತ್ತರಾಧಿಕಾರಿಯಾದ ಇಎಕ್ಸ್‌ಟಿ4 ಬಳಕೆಯಲ್ಲಿದೆ. ಇಂಥ ಏರ್ಪಾಡು ಡಿಸ್ಕಿನ ಅಂಗಾಂಗ ರಚನೆಯನ್ನು ಕಾಪಾಡುತ್ತದೆಯೇ ಹೊರತು, ಬಳಕೆದಾರನು ಉಳಿಸದೆ ಬಿಟ್ಟ ಪುಟವನ್ನಲ್ಲ. ಆದಕಾರಣ ಯುಪಿಎಸ್ ಬೇಡವಾಯಿತೆಂದು ಯಾರೂ ಭಾವಿಸತಕ್ಕದ್ದಲ್ಲ.

ಸ್ಥಿರತೆಯ ಎರಡನೆಯ ಆಧಾರ ಸಂಪ್ರದಾಯ. 1991ರ ಆಗಸ್ಟ್ 25ರಂದು ತನ್ನ ಹವ್ಯಾಸದ ಕೆಲಸವೆಂದು ಲಿನಕ್ಸನ್ನು ಪ್ರಕಟಿಸಿದ ಫಿನ್ಲೆಂಡಿನ ವಿದ್ಯಾರ್ಥಿ ಲಿನಸ್ ಟೊರ್ವಾಲ್ಡ್ಸ್ ಬಹುಕಾಲದಿಂದ ಬಿಡದೆ ಹಿಡಿದಿರುವ ಒಂದು ನಿಯಮವುಂಟು: ಕರ್ನೆಲಿನ ಒಳಗೆ ಏನು ಬದಲಾದರೂ ಸರಿಯೆ, ಅದರ ಮೇಲೆ ನಡೆಯುತ್ತಿದ್ದ ಹಳೆಯ ಕ್ರಮವಿಧಿ ನಿಲ್ಲಕೂಡದು. ಈ ನಿಯಮ ಮುರಿದ ಸಹೋದ್ಯೋಗಿಗಳನ್ನು ಆತನು ಗದರಿಸಿದ ರೀತಿ ಸೌಜನ್ಯದ ಎಲ್ಲೆ ಮೀರಿದ ಸಂದರ್ಭಗಳೂ ಇವೆ. ನಿಯಮವಂತೂ ಉಳಿದುಕೊಂಡು ಬಂದಿದೆ. 1993ರಲ್ಲಿ ಇಯಾನ್ ಮರ್ಡಾಕ್ ಆರಂಭಿಸಿದ ಡೆಬಿಯನ್ ಇನ್ನೊಂದು ಕ್ರಮವನ್ನು ರೂಢಿಸಿತು. ಅಲ್ಲಿ ಹೊಸ ತಂತ್ರಾಂಶವು ಮೊದಲು ಅಸ್ಥಿರ ಶಾಖೆಗೆ ಬಂದು, ಅಲ್ಲಿಂದ ಪರೀಕ್ಷಾ ಶಾಖೆಗೆ ಇಳಿದು, ಎರಡು ವರ್ಷಗಳಿಗೊಮ್ಮೆ ಎಲ್ಲವನ್ನೂ ಹೆಪ್ಪುಗಟ್ಟಿಸಿದ ಮೇಲೆ ಸ್ಥಿರ ಶಾಖೆಯಾಗಿ ಹೊರಬೀಳುತ್ತದೆ. ಹಾಗೆ ಹೊರಬಿದ್ದ ಮೇಲೆ ಹೊಸ ಸೌಕರ್ಯಗಳಿಗೆ ಪ್ರವೇಶವಿಲ್ಲ. ದೋಷ ಪರಿಹಾರವನ್ನು ಮಾತ್ರ ಹೊಸ ಆವೃತ್ತಿಯಿಂದ ಕಿತ್ತು ಹಳೆಯದಕ್ಕೆ ಹೊಲಿಯುತ್ತಾರೆ. ಉಬುಂಟುವಿನ ದೀರ್ಘಾವಧಿ ಆವೃತ್ತಿಗಳಿಗೆ 5 ವರ್ಷಗಳ ಆಸರೆ ಇರುವುದೂ ಈ ಮಾದರಿಯಲ್ಲಿಯೇ. ಸಂಧಾನದ ಇಷ್ಟು ನಾಜೂಕಾದ ರೂಪವನ್ನು ಕಂಡುಹಿಡಿದದ್ದು ಮುಕ್ತ ಸಮುದಾಯಗಳ ದೊಡ್ಡ ಸಾಧನೆಯೆಂದೇ ಹೇಳಬೇಕು.

ತೆರೆದ ವ್ಯವಸ್ಥೆ ಸುರಕ್ಷಿತವಾಗುವುದು ಹೇಗೆಂಬ ಪ್ರಶ್ನೆ ಗಣಕಕ್ಕಿಂತ ಹಳೆಯದು. ಗೂಢಲಿಪಿಯ ಬಲವು ಅದರ ವಿಧಾನದ ಗೋಪ್ಯತೆಯಲ್ಲಿರದೆ ಕೀಲಿಯ ಗೋಪ್ಯತೆಯಲ್ಲಿ ಮಾತ್ರ ಇರಬೇಕೆಂದು ಓಗ್ಯುಸ್ತ್ ಕೆರ್ಕ್‌ಹಾಫ್ಸ್ 1883ರಲ್ಲಿಯೇ ಪ್ರತಿಪಾದಿಸಿದನು. ನೋಡುವ ಕಣ್ಣುಗಳು ಸಾಕಷ್ಟಿದ್ದರೆ ಯಾವ ದೋಷವೂ ಆಳದಲ್ಲಿ ಅಡಗಿರಲಾರದೆಂದು 1990ರ ದಶಕದ ಕೊನೆಯಲ್ಲಿ ಎರಿಕ್ ರೇಮಂಡ್ ಹೇಳಿದ್ದು ಮುಕ್ತ ಚಳವಳಿಗೆ ಸೂತ್ರಪ್ರಾಯವಾಯಿತು. ಸೂತ್ರದಲ್ಲಿ ಸತ್ಯಾಂಶವಿದೆ, ಕಣ್ಣುಗಳು ಇರಬಹುದು ಎಂಬುದನ್ನು ಇವೆ ಎಂದು ಓದಿಕೊಂಡಾಗ ಮಾತ್ರ ಅನರ್ಥ ಒದಗುತ್ತದೆ. 2006ರಲ್ಲಿ ಡೆಬಿಯನ್ನಿನ ನಿರ್ವಾಹಕರೊಬ್ಬರು ಓಪನ್‌ಎಸ್‌ಎಸ್‌ಎಲ್ ಎಂಬ ಗೂಢಲಿಪಿ ಭಂಡಾರದಲ್ಲಿ ಪರೀಕ್ಷಕ ಉಪಕರಣವು ಎಚ್ಚರಿಕೆ ನೀಡುತ್ತಿದ್ದ ಸಾಲುಗಳನ್ನು ಸದುದ್ದೇಶದಿಂದಲೇ ತೆಗೆದುಹಾಕಿದರು. ಯಾದೃಚ್ಛಿಕ ಸಂಖ್ಯೆಗಳಿಗೆ ಬೀಜ ಒದಗಿಸುತ್ತಿದ್ದದ್ದು ಆ ಸಾಲುಗಳೇ. ಅವು ಹೋದ ಮೇಲೆ ಉಳಿದದ್ದು ಕ್ರಮವಿಧಿಯ ಸರಣಿ ಸಂಖ್ಯೆಯೊಂದೇ. ಊಹಿಸಲು ಅಸಾಧ್ಯವಾಗಿರಬೇಕಾದ ಕೀಲಿಗಳು ಒಂದೊಂದು ಬಗೆಯಲ್ಲಿಯೂ ಸುಮಾರು 32,768ಕ್ಕೆ ಇಳಿದವು, ಅಂದರೆ ಸಾಧಾರಣ ಗಣಕವೊಂದು ಅವೆಲ್ಲವನ್ನೂ ಮೊದಲೇ ತಯಾರಿಸಿ ಇಟ್ಟುಕೊಳ್ಳಬಹುದಾಯಿತು. ಬದಲಾದ ಸಂಕೇತವು ಎಲ್ಲರ ಕಣ್ಣೆದುರಿಗೇ ತೆರೆದುಕೊಂಡಿತ್ತು. ಲುಸಿಯಾನೊ ಬೆಲ್ಲೊ ಅದನ್ನು ಕಂಡುಹಿಡಿದು ಪ್ರಕಟಣೆ ಹೊರಬಿದ್ದದ್ದು 2008ರ ಮೇ ತಿಂಗಳಿನಲ್ಲಿ. ಅಷ್ಟರಲ್ಲಿ ಉಬುಂಟುವಿಗೂ ಅದು ಹರಿದುಹೋಗಿತ್ತು.

ಇದು ಪ್ರಮಾದದ ಕತೆ. ದ್ರೋಹದ ಕತೆಗಳು ಬೇರೆ. 2003ರ ನವೆಂಬರಿನಲ್ಲಿ ಯಾರೋ ಕರ್ನೆಲ್ ಸಂಕೇತದ ಒಂದು ಪ್ರತಿಬಿಂಬ ಭಂಡಾರದೊಳಕ್ಕೆ ನುಸುಳಿ ಎರಡು ಸಾಲುಗಳನ್ನು ಸೇರಿಸಿದರು. ಹೋಲಿಸಿ ನೋಡಬೇಕಾದಲ್ಲಿ ಎರಡು ಸಮಚಿಹ್ನೆಗಳ ಬದಲು ಒಂದೇ ಚಿಹ್ನೆ ಇಟ್ಟಿದ್ದರಿಂದ, ತಪಾಸಣೆಯಂತೆ ತೋರುತ್ತಿದ್ದ ಆ ಸಾಲು ನಿಜವಾಗಿ ಕರೆದವನನ್ನು ರೂಟ್ ಪದವಿಗೆ ಏರಿಸುತ್ತಿತ್ತು. ಮುಖ್ಯ ಭಂಡಾರದಲ್ಲಿ ಅದಕ್ಕೆ ಸರಿಹೊಂದುವ ನಮೂದು ಇಲ್ಲದ್ದರಿಂದ ಬೇಗನೆ ಸಿಕ್ಕಿಬಿದ್ದಿತು. ಇದಕ್ಕಿಂತ ಸಹಸ್ರಪಾಲು ತಾಳ್ಮೆಯುಳ್ಳ ಪ್ರಯತ್ನ ಹೊರಬಿದ್ದದ್ದು 2024ರ ಮಾರ್ಚ್ 29ರಂದು. ಎಕ್ಸ್‌ಝಡ್ ಎಂಬುದು ಕಡತಗಳನ್ನು ಅಡಕಗೊಳಿಸುವ ಒಂದು ಸಾಧಾರಣ ತಂತ್ರಾಂಶ. ಲಿನಕ್ಸಿನ ಬಹುತೇಕ ಎಲ್ಲ ವಿತರಣೆಗಳಲ್ಲಿಯೂ ಇರುವಂಥದ್ದು, ಆದರೆ ಬಹುಕಾಲ ಅದನ್ನು ನೋಡಿಕೊಳ್ಳುತ್ತಿದ್ದವರು ಬಳಲಿದ ಒಬ್ಬರೇ ಒಬ್ಬ ಸ್ವಯಂಸೇವಕ. ಜಿಯಾ ಟಾನ್ ಎಂಬ ಹೆಸರಿನಿಂದ ಬಂದ ಒಬ್ಬಾತ, ಅಥವಾ ಒಂದು ತಂಡ, ಎರಡು ವರ್ಷಗಳಿಗೂ ಮಿಕ್ಕಿ ನಿಷ್ಠೆಯಿಂದ ದುಡಿದು ನಂಬಿಕೆ ಗಳಿಸಿ, ಕೊನೆಗೆ 5.6.0 ಮತ್ತು 5.6.1 ಆವೃತ್ತಿಗಳೊಳಗೆ ಒಂದು ಹಿಂಬಾಗಿಲನ್ನು ಇರಿಸಿದನು. ದೂರದಿಂದ ಗಣಕಕ್ಕೆ ಪ್ರವೇಶ ನೀಡುವ ಎಸ್‌ಎಸ್‌ಎಚ್ ಸೇವೆಯನ್ನೇ ಅದು ವಶಪಡಿಸಿಕೊಳ್ಳಬಹುದಿತ್ತು. ಜಾಣತನದ ಪರಾಕಾಷ್ಠೆಯೆಂದರೆ, ಹಿಂಬಾಗಿಲನ್ನು ಕೂಡಿಸುವ ಆದೇಶವು ಜನರು ಓದುವ ಸಾರ್ವಜನಿಕ ಭಂಡಾರದಲ್ಲಿ ಇರಲೇ ಇಲ್ಲ. ವಿತರಣೆಗೆಂದು ಕಟ್ಟಿದ ಗಂಟಿನಲ್ಲಿ ಮಾತ್ರ ಇತ್ತು. ಪೋಸ್ಟ್‌ಗ್ರೆಸ್ ದತ್ತಸಂಚಯದ ಅಭಿವೃದ್ಧಿಕಾರರಲ್ಲೊಬ್ಬರಾದ ಆಂಡ್ರೆಸ್ ಫ್ರಾಯಿಂಡ್ ತಮ್ಮ ಡೆಬಿಯನ್ ಯಂತ್ರದಲ್ಲಿ ಎಸ್‌ಎಸ್‌ಎಚ್ ಪ್ರವೇಶಕ್ಕೆ ಸುಮಾರು ಅರ್ಧ ಸೆಕೆಂಡು ಹೆಚ್ಚು ಹಿಡಿಯುತ್ತಿದೆಯೆಂದು ಗಮನಿಸಿ ಬೆನ್ನುಹತ್ತದಿದ್ದರೆ ಅದು ಜಗತ್ತಿನ ಅಸಂಖ್ಯ ಸರ್ವರುಗಳಿಗೆ ಸೇರಿಬಿಡುತ್ತಿತ್ತು. ಗಮನಿಸಬೇಕಾದ ಇನ್ನೊಂದು ಅಂಶವೆಂದರೆ, ದೋಷಯುಕ್ತ ಆವೃತ್ತಿ ಅಷ್ಟು ಹೊತ್ತಿಗೆ ಮುಟ್ಟಿದ್ದು ಡೆಬಿಯನ್ನಿನ ಅಸ್ಥಿರ ಹಾಗೂ ಪರೀಕ್ಷಾ ಶಾಖೆಗಳನ್ನೂ ಇತರ ವಿತರಣೆಗಳ ಅಂಥದೇ ಮುಂಚೂಣಿ ಶಾಖೆಗಳನ್ನೂ ಮಾತ್ರ. ಹೊಸದನ್ನು ಕೂಡಲೇ ಒಳಗೆ ಬಿಡೆನೆಂಬ ಸ್ಥಿರ ಶಾಖೆಯ ಹಟವೇ, ಯುವಕರು ಎಷ್ಟೋ ಬಾರಿ ಹಳಸಲೆಂದು ನಕ್ಕ ಆ ಹಟವೇ, ಈ ಸಂದರ್ಭದಲ್ಲಿ ಭದ್ರತೆಯಾಗಿ ಪರಿಣಮಿಸಿತು.

ಮುಚ್ಚಿದ ವ್ಯವಸ್ಥೆಗಳ ಸ್ಥಿತಿ ಇದಕ್ಕಿಂತ ಮೇಲೆಂದು ಹೇಳುವಂತಿಲ್ಲ. 2017ರ ಮೇ 12ರಂದು ವನ್ನಾಕ್ರೈ ಎಂಬ ಸುಲಿಗೆಯ ಹುಳು ವಿಂಡೋಸ್ ಯಂತ್ರಗಳಲ್ಲಿ ಹಬ್ಬಿ, ನೆರೆಯ ಆಂಧ್ರಪ್ರದೇಶದ ಪೊಲೀಸ್ ಇಲಾಖೆಯ ಕೆಲವು ಗಣಕಗಳವರೆಗೂ ಬಂದಿತು. ಅದಕ್ಕೆ ಬೇಕಾದ ತಿದ್ದುಪಡಿ ಮಾರ್ಚ್ ತಿಂಗಳಿನಲ್ಲಿಯೇ ಹೊರಟಿತ್ತು. 2024ರ ಜುಲೈ 19ರಂದು ಕ್ರೌಡ್‌ಸ್ಟ್ರೈಕ್ ಎಂಬ ಕಂಪನಿಯ ಕಾವಲು ತಂತ್ರಾಂಶದ ತಪ್ಪು ಕಡತವೊಂದರಿಂದ ಸುಮಾರು 85 ಲಕ್ಷ ವಿಂಡೋಸ್ ಯಂತ್ರಗಳು ಏಕಕಾಲದಲ್ಲಿ ಕುಸಿದಾಗ, ಚಿಕ್ಕಬಳ್ಳಾಪುರದ ಹೆದ್ದಾರಿಯಲ್ಲೇ ಸಿಕ್ಕುವ ದೇವನಹಳ್ಳಿಯ ಕೆಂಪೇಗೌಡ ವಿಮಾನ ನಿಲ್ದಾಣದಲ್ಲಿಯೂ ಪ್ರಯಾಣಿಕರು ಸಾಲುಗಟ್ಟಿ ನಿಲ್ಲಬೇಕಾಯಿತು. ಆ ದಿನ ಲಿನಕ್ಸ್ ಪಕ್ಷಪಾತಿಗಳು ಬೀಗಿದ್ದುಂಟು. ಆದರೆ ಅದೇ ಕಂಪನಿಯ ಲಿನಕ್ಸ್ ಆವೃತ್ತಿಯೂ ಆ ವರ್ಷವೇ ಕೆಲವು ಕರ್ನೆಲುಗಳನ್ನು ಕೆಡವಿದ್ದನ್ನು ಮರೆಯಲಾಗದು. ಹೊರಗಿನ ಕ್ರಮವಿಧಿಗೆ ಕರ್ನೆಲಿನೊಳಗೆ ಅನಿರ್ಬಂಧ ಪ್ರವೇಶ ಕೊಟ್ಟಲ್ಲೆಲ್ಲ ಈ ಅಪಾಯ ಸಮಾನ. ಒಳಬರುವ ಪ್ರತಿಯೊಂದು ತುಣುಕನ್ನೂ ಮೊದಲೇ ಪರಿಶೀಲಿಸಿ ನಡೆಸುವ ಇಬಿಪಿಎಫ್ ಎಂಬ ಉಪಾಯವನ್ನು ಲಿನಕ್ಸ್ ರೂಢಿಸಿಕೊಂಡಿರುವುದು ಅದಕ್ಕೇ.

ಕರ್ನಾಟಕದಲ್ಲಿ ಲಿನಕ್ಸಿನ ಪ್ರಚಾರಕ್ಕೆ ಬೆಂಗಳೂರಿನ ಅತುಲ್ ಚಿಟ್ನಿಸ್ 1996ರಲ್ಲಿ ಪಿಸಿ ಕ್ವೆಸ್ಟ್ ಪತ್ರಿಕೆಯ ಮೂಲಕ ಹಂಚಿಸಿದ ಸಿಡಿಯೂ, 2001ರಿಂದ 2012ರವರೆಗೆ ಆ ನಗರದಲ್ಲಿ ನಡೆದುಬಂದ ಸಮ್ಮೇಳನಗಳೂ ಕಾರಣವಾದವು. ಆದರೆ ವಿಷಯದ ಹೃದಯವನ್ನು ಮುಟ್ಟುವ ಉದಾಹರಣೆ ಸಿಂಪ್ಯೂಟರ್. ಭಾರತೀಯ ವಿಜ್ಞಾನ ಸಂಸ್ಥೆಯ ವಿಜಯ್ ಚಂದ್ರು, ಸ್ವಾಮಿ ಮನೋಹರ್, ರಮೇಶ್ ಹರಿಹರನ್, ವಿ. ವಿನಯ್ ಎಂಬ ಪ್ರಾಧ್ಯಾಪಕರೂ ಎನ್ಕೋರ್ ಸಂಸ್ಥೆಯ ತಂತ್ರಜ್ಞರೂ ಕೂಡಿ ರೂಪಿಸಿ 2001ರಲ್ಲಿ ತೋರಿಸಿದ ಈ ಅಂಗೈ ಗಣಕ ಲಿನಕ್ಸಿನ ಮೇಲೆ ನಡೆಯುತ್ತಿತ್ತು. ಹಳ್ಳಿಗೊಂದೇ ಯಂತ್ರವಿದ್ದು ಹಲವರು ಬಳಸಬೇಕಾದಾಗ ಒಬ್ಬನ ಲೆಕ್ಕ ಇನ್ನೊಬ್ಬನಿಗೆ ಕಾಣದಿರಲೆಂದು ಪ್ರತಿಯೊಬ್ಬನ ಮಾಹಿತಿಯನ್ನೂ ಅವನವನ ಸ್ಮಾರ್ಟ್ ಕಾರ್ಡಿನಲ್ಲಿ ಇರಿಸುವ ಉಪಾಯ ಅದರಲ್ಲಿತ್ತು. ಭದ್ರತೆಯನ್ನು ಬಡವನ ಅನುಕೂಲದಿಂದ ಆಲೋಚಿಸಿದ ಅಪೂರ್ವ ನಿದರ್ಶನವೆಂದೇ ಇದನ್ನು ಗಣಿಸಬೇಕು. 2004ರಲ್ಲಿ ಭಾರತ್ ಎಲೆಕ್ಟ್ರಾನಿಕ್ಸ್ ಮೂಲಕ ಅಮಿಡಾ ಎಂಬ ಹೆಸರಿನಲ್ಲಿ ಮಾರುಕಟ್ಟೆಗೆ ಬಂದರೂ ನಿರೀಕ್ಷಿಸಿದಷ್ಟು ಜನ ಕೊಳ್ಳಲಿಲ್ಲ, ಯಂತ್ರ ಮರೆಯಾಯಿತು. ಯಂತ್ರದ ನಕ್ಷೆಯನ್ನೂ ಮುಕ್ತ ಪರವಾನಗಿಯಡಿ ನೀಡಿದ್ದರೂ ಅದು ಉಳಿಯಲಿಲ್ಲವೆಂಬುದನ್ನು ಗಮನಿಸಬೇಕು. ಉಳಿದದ್ದು ಬೇರೆಯೇ. ಓದಲು ಬಾರದವರಿಗೆ ಪರದೆಯ ಮೇಲಿನ ಪಠ್ಯವನ್ನು ಕನ್ನಡವೇ ಮೊದಲಾದ ಭಾಷೆಗಳಲ್ಲಿ ಓದಿ ಹೇಳಲೆಂದು ಹರಿಹರನ್ನರ ತಂಡ ರಚಿಸಿದ್ದ ಧ್ವನಿ ಎಂಬ ತಂತ್ರಾಂಶವನ್ನು ಕೇರಳದ ಸಂತೋಷ್ ತೊಟ್ಟಿಂಗಲ್ ಮುಂದೆ ಕೈಗೆತ್ತಿಕೊಂಡು ಇನ್ನಷ್ಟು ಭಾಷೆಗಳಿಗೆ ವಿಸ್ತರಿಸಿದರು. ಪೋಷಕನೊಬ್ಬ ದೊರೆತ ಭಾಗ ಬಾಳಿತು, ದೊರೆಯದ ಭಾಗ ಅಳಿಯಿತು.

ಸಂಸ್ಥೆಯೊಂದು ಪೋಷಕನಾಗಿ ನಿಂತಾಗ ಏನಾಗುತ್ತದೆಂಬುದನ್ನು ನ್ಯಾಯಾಲಯಗಳಲ್ಲಿ ಕಾಣಬಹುದು. 2007ರಲ್ಲಿ ಆರಂಭವಾದ ಇ-ನ್ಯಾಯಾಲಯ ಯೋಜನೆಯಲ್ಲಿ ಸರ್ವೋಚ್ಚ ನ್ಯಾಯಾಲಯದ ಇ-ಸಮಿತಿ ಮುಕ್ತ ತಂತ್ರಾಂಶವನ್ನೇ ಆಯ್ದುಕೊಂಡು, ಉಬುಂಟುವನ್ನು ತನ್ನ ಅಗತ್ಯಕ್ಕೆ ತಕ್ಕಂತೆ ಹೊಂದಿಸಿಕೊಂಡಿತು; ರಾಷ್ಟ್ರೀಯ ಮಾಹಿತಿ ವಿಜ್ಞಾನ ಕೇಂದ್ರದ (ಎನ್‌ಐಸಿ) ಪುಣೆ ಘಟಕ ಸಿದ್ಧಪಡಿಸಿದ ಸಿಐಎಸ್ ಎಂಬ ಪ್ರಕರಣ ಮಾಹಿತಿ ವ್ಯವಸ್ಥೆ ಅದರ ಮೇಲೆ ನಡೆಯುತ್ತದೆ. ಚಿಕ್ಕಬಳ್ಳಾಪುರದ ಜಿಲ್ಲಾ ನ್ಯಾಯಾಲಯವೂ ಚಿಂತಾಮಣಿ, ಶಿಡ್ಲಘಟ್ಟ, ಗೌರಿಬಿದನೂರುಗಳ ನ್ಯಾಯಾಲಯಗಳೂ ಇದರ ವ್ಯಾಪ್ತಿಯೊಳಗೆ ಬರುತ್ತವೆ. ನ್ಯಾಯಾಧೀಶರಿಗೂ ಸಿಬ್ಬಂದಿಗೂ ಉಬುಂಟು ಹಾಗೂ ಸಿಐಎಸ್ ಎರಡನ್ನೂ ಕೂಡಿಸಿ ತರಬೇತಿ ಕೊಟ್ಟದ್ದು ಈ ಯೋಜನೆಯ ವಿವೇಕ. ವ್ಯಾಜ್ಯದ ಕಡತಕ್ಕೆ ಗೋಪ್ಯತೆಗಿಂತಲೂ ಅಕ್ಷಯತೆ ಮುಖ್ಯ: ಮೂಲ ದಾವೆ, ಮೇಲ್ಮನವಿ, ಜಾರಿ ಪ್ರಕರಣವೆಂದು ಒಂದು ಜಮೀನಿನ ತಂಟೆ ಎರಡು ತಲೆಮಾರು ನಡೆಯುವ ನಮ್ಮ ನಾಡಿನಲ್ಲಿ, ಒಬ್ಬ ಮಾರಾಟಗಾರನ ಇಚ್ಛೆಯಂತೆ ಬದಲಾಗುವ ವ್ಯವಸ್ಥೆಗೆ ದಾಖಲೆಯನ್ನು ಒಪ್ಪಿಸುವುದು ಉಚಿತವಲ್ಲ.

ಕಾಸರಗೋಡಿನ ಕನ್ನಡ ಮಾಧ್ಯಮದ ಶಾಲೆಗಳಲ್ಲಿ ಇದೇ ತತ್ತ್ವ ಇನ್ನೂ ಆಳಕ್ಕೆ ಇಳಿದಿದೆ. ಕೇರಳ ಸರ್ಕಾರದ ಐಟಿ@ಸ್ಕೂಲ್ ಯೋಜನೆ, 2017ರಿಂದ ಕೈಟ್ ಎಂಬ ಸಂಸ್ಥೆಯಾಗಿ ಮುಂದುವರಿದು, ಆರಂಭದಲ್ಲಿ ಡೆಬಿಯನ್ನನ್ನೂ ಆಮೇಲೆ ಉಬುಂಟುವನ್ನೂ ಆಧರಿಸಿ ತನ್ನದೇ ವಿತರಣೆಯನ್ನು ಸಿದ್ಧಪಡಿಸುತ್ತಿದೆ. ಪಠ್ಯಪುಸ್ತಕವೂ ಪ್ರಾಯೋಗಿಕ ಪರೀಕ್ಷೆಯೂ ಅದನ್ನೇ ಅವಲಂಬಿಸಿರುವುದರಿಂದ ಮಂಜೇಶ್ವರದ ಕನ್ನಡ ಶಾಲೆಯ ಹುಡುಗಿ ನೋಡುವ ಪರದೆಯೂ ತಿರುವನಂತಪುರದ ಹುಡುಗ ನೋಡುವ ಪರದೆಯೂ ಒಂದೇ. ಇಡೀ ರಾಜ್ಯದ ಶಾಲೆಗಳು ಒಂದೇ ಆವೃತ್ತಿಯಲ್ಲಿರುವುದು ತಿದ್ದುಪಡಿಯನ್ನು ಸುಲಭಗೊಳಿಸುತ್ತದೆ. ಒಂದೇ ದೋಷ ಎಲ್ಲ ಕಡೆಗೂ ಇರುವ ಸಂಭವವನ್ನೂ ಹೆಚ್ಚಿಸುತ್ತದೆ. ಕರ್ನಾಟಕದಲ್ಲಿಯೂ 2011ರ ಸುಮಾರಿಗೆ ಪ್ರೌಢಶಾಲಾ ಶಿಕ್ಷಕರಿಗೆ ವಿಷಯ ಶಿಕ್ಷಕರ ವೇದಿಕೆಯ ಮೂಲಕ ಉಬುಂಟುವಿನ ತರಬೇತಿ ದೊರೆಯಿತು, ಆದರೆ ನೆರೆರಾಜ್ಯದಲ್ಲಿ ಕಂಡ ಸಾತತ್ಯ ಇಲ್ಲಿ ಕಾಣಲಿಲ್ಲ. ಸಿ-ಡ್ಯಾಕ್ ಸಂಸ್ಥೆಯ ಬಾಸ್ ಲಿನಕ್ಸ್, ರಕ್ಷಣಾ ಸಚಿವಾಲಯ 2023ರಲ್ಲಿ ಅಳವಡಿಸಿಕೊಳ್ಳಲು ಹೊರಟ ಉಬುಂಟು ಮೂಲದ ಮಾಯಾ, ಇವು ಭಾರತ ಸರ್ಕಾರದ ಮಟ್ಟದ ಪ್ರಯತ್ನಗಳು.

ಇಷ್ಟಾದರೂ ಚಿಕ್ಕಬಳ್ಳಾಪುರ ಸೀಮೆಯ ಜನಸಾಮಾನ್ಯರಿಗೆ ಮುಕ್ತ ವ್ಯವಸ್ಥೆಯೆಂದರೆ ಫೋನೇ. 2020ರಿಂದ ಬೆಳೆ ಸಮೀಕ್ಷೆಯನ್ನು ರೈತರೇ ತಮ್ಮ ಫೋನಿನ ಆ್ಯಪಿನಲ್ಲಿ ದಾಖಲಿಸುವ ಏರ್ಪಾಡು ಬಂದ ಮೇಲೆ ಪಹಣಿಯ ಬೆಳೆಕಾಲಮಿಗೂ ಕರ್ನೆಲಿಗೂ ನಂಟು ಬೆಳೆಯಿತು. 2015ರ ಆಗಸ್ಟಿನಿಂದ ಆಂಡ್ರಾಯ್ಡಿಗೆ ಪ್ರತಿ ತಿಂಗಳೂ ಭದ್ರತಾ ಪ್ರಕಟಣೆ ಹೊರಡುತ್ತಿದೆಯಾದರೂ, ತಿದ್ದುಪಡಿಯು ಕರ್ನೆಲ್ ತಯಾರಕರಿಂದ ಗೂಗಲ್ಲಿಗೆ, ಅಲ್ಲಿಂದ ಚಿಪ್ ಕಂಪನಿಗೆ, ಅಲ್ಲಿಂದ ಫೋನ್ ಕಂಪನಿಗೆ ಹಾದು ಬರುವಷ್ಟರಲ್ಲಿ ಅಗ್ಗದ ಫೋನುಗಳ ಪಾಲಿಗೆ ಎಲ್ಲಿಯೋ ನಿಂತುಬಿಡುತ್ತದೆ. ಮೂರು ವರ್ಷ ಹಳೆಯ ಅಂಥ ಫೋನಿನಲ್ಲಿ ಸಂಕೇತ ಮುಕ್ತವಾಗಿಯೇ ಇರುತ್ತದೆ, ರಿಪೇರಿ ಮಾತ್ರ ನಿಂತಿರುತ್ತದೆ. ಬಳಸುವವನಿಗೆ ಅದರ ಸುಳಿವೂ ಇರುವುದಿಲ್ಲ. 2017ರಲ್ಲಿ 6 ವರ್ಷಗಳಿಗೆ ವಿಸ್ತರಿಸಿದ್ದ ದೀರ್ಘಾವಧಿ ಕರ್ನೆಲುಗಳ ಆಸರೆಯನ್ನು ನಿರ್ವಾಹಕರ ಬಳಲಿಕೆಯ ಕಾರಣದಿಂದ 2023ರಲ್ಲಿ ಮತ್ತೆ 2 ವರ್ಷಗಳಿಗೆ ಇಳಿಸುವ ನಿರ್ಧಾರ ಹೊರಬಿದ್ದದ್ದು ಈ ಕೊರತೆಯನ್ನು ತಗ್ಗಿಸಲಾರದು. ಮೆಮೊರಿಯ ದೋಷಗಳನ್ನು ಹುಟ್ಟುವ ಮೊದಲೇ ತಡೆಯಲೆಂದು 2022ರ ಡಿಸೆಂಬರಿನ 6.1ನೆಯ ಕರ್ನೆಲಿನಿಂದ ರಸ್ಟ್ ಎಂಬ ಕ್ರಮವಿಧಿ ಭಾಷೆಗೆ ಪ್ರವೇಶ ದೊರೆತಿದೆ. ಅದರ ಫಲ ನಿಧಾನವಾಗಿಯೇ ಬರಬೇಕು.

ದೀರ್ಘಕಾಲದ ಸ್ಥಿರತೆಗೆ ಗೊತ್ತುಪಡಿಸಿದ ದಿನಾಂಕವುಳ್ಳ ಪರೀಕ್ಷೆಯೊಂದು ಮುಂದಿದೆ. ಯುನಿಕ್ಸ್ ಪರಂಪರೆ ಕಾಲವನ್ನು 1970ರ ಜನವರಿ 1ರಿಂದ ಸೆಕೆಂಡುಗಳಲ್ಲಿ ಎಣಿಸುತ್ತದೆ. 32 ಬಿಟ್‌ಗಳಲ್ಲಿ ಹಿಡಿದಿಟ್ಟ ಈ ಎಣಿಕೆ 2038ರ ಜನವರಿ 19ರಂದು ತುಂಬಿಹೋಗಿ 1901ಕ್ಕೆ ಹೊರಳುತ್ತದೆ. 32 ಬಿಟ್ ಯಂತ್ರಗಳಿಗೂ 64 ಬಿಟ್ ಕಾಲಗಣನೆ ಒದಗಿಸುವ ಕೆಲಸ 2020ರ 5.6ನೆಯ ಕರ್ನೆಲಿನಲ್ಲಿ ಪೂರ್ಣಗೊಂಡಿತು. 2025ರ ಆಗಸ್ಟಿನಲ್ಲಿ ಹೊರಟ ಡೆಬಿಯನ್ 13 ಅದನ್ನು ತನ್ನ ತಂತ್ರಾಂಶಗಳಿಗೆಲ್ಲ ಅಳವಡಿಸಿಕೊಂಡಿದೆ. ಇಂಟೆಲ್ ಮಾದರಿಯ ಹಳೆಯ 32 ಬಿಟ್ ವಿಭಾಗವನ್ನು ಮಾತ್ರ, ಅದರ ಮೇಲೆ ನಡೆಯುವ ಹಳೆಯ ಕ್ರಮವಿಧಿಗಳು ಮುರಿಯದಿರಲೆಂದು, ಇದ್ದಂತೆಯೇ ಬಿಟ್ಟಿದೆ.